ಕಪ್ಪಾ: ಮಕ್ಕಳನ್ನ ನೀರಿಗೆ ಎಳ್ಕೊಂಡು ಹೋಗ್ತಿದ್ದ ಜೀವಿ ಇಷ್ಟು ಮುದ್ದಾಗಿದ್ದು ಹೆಂಗೆ? (ಸ್ಪಾಯ್ಲರ್ ಇದೆ)

ನದಿಮೂಲ:
ಜಪಾನಿನ ಯೋಕಾಯಿಗಳ (ಜನಪದ ಕಥೆಗಳ ಭೂತ, ವಿಚಿತ್ರ ಜೀವಿಗಳ) ಮಾತು ಬಂದ್ರೆ ಎಲ್ರೂ ಒಂಬತ್ತು ಬಾಲದ ನರಿ ಹತ್ರಾನೇ ನಿಂತ್ಬಿಡ್ತಾರೆ, ನಂಗೆ ಮಾತ್ರ ಮೊದಲಿಂದಾನೂ ಕಪ್ಪಾ ಮೇಲೆ ಪ್ರೀತಿ. ಗೊತ್ತಿಲ್ದೋರಿಗೆ ಹೇಳ್ತೀನಿ. ನದಿ, ಕೆರೆ, ಮಡುವಲ್ಲಿ ಇರೋ ಜೀವಿ, ಏಳೆಂಟು ವರ್ಷದ ಮಗು ಎತ್ತರ, ಬೆನ್ನ ಮೇಲೆ ಆಮೆ ಚಿಪ್ಪು, ಪಕ್ಷಿ ಥರ ಕೊಕ್ಕು, ಬೆರಳ ಮಧ್ಯೆ ಪೊರೆ, ನೆತ್ತಿ ಮೇಲೆ ತಟ್ಟೆ ಥರ ಒಂದು ತಗ್ಗು, ಅದ್ರಲ್ಲಿ ನೀರು. ಅದರ ಶಕ್ತಿಯೆಲ್ಲಾ ಆ ನೀರಲ್ಲೇ. ನೀರು ಚೆಲ್ಲಿತೋ ಕೈಕಾಲು ಸೋತು ಬಿದ್ದುಹೋಗುತ್ತೆ. ಸೌತೆಕಾಯಿ ಅಂದ್ರೆ ಪ್ರಾಣ, ಸೂಮೋ ಕುಸ್ತಿ ಅಂದ್ರೆ ಹುಚ್ಚು, ಯಾರಾದ್ರೂ ತಲೆ ಬಾಗಿಸಿ ನಮಸ್ಕಾರ ಮಾಡಿದ್ರೆ ತಾನೂ ಬಾಗಲೇಬೇಕು, ಅಷ್ಟು ಮರ್ಯಾದಸ್ತ. ಹಂಗೆ ಬಾಗಿದಾಗ ನೀರು ಚೆಲ್ಲುತ್ತೆ, ನಾವು ತಪ್ಪಿಸ್ಕೋಬಹುದು.

ಆದ್ರೆ ಅದೇ ಜೀವಿ ದಡದಲ್ಲಿ ಕಟ್ಟಿದ ಕುದುರೆನ ನೀರಿಗೆ ಎಳೀತಿತ್ತು, ಈಜೋಕೆ ಹೋದ ಮಕ್ಕಳನ್ನ ಮುಳುಗಿಸಿ ಸಾಯಿಸ್ತಿತ್ತು. ಈಗ ನೋಡಿದ್ರೆ ಅದು ಕೀಚೈನು, ಸುಶಿ ಅಂಗಡಿ ಬೋರ್ಡು, ಮಕ್ಕಳ ಚಡ್ಡಿ ಮೇಲಿನ ಚಿತ್ರ. ನಂಗೆ ಅನ್ಸೋದು ಏನಂದ್ರೆ, ಅದು ಕೊಲ್ಲುತ್ತೆ ಅನ್ನೋದನ್ನ ಮರೆತು ಮಾಡಿದ ಕಪ್ಪಾ ಕಥೆಗಳು ನಿಲ್ಲಲ್ಲ, ಆ ಭಯಾನೋ ಅದರ ಹಿಂದಿರೋ ದುಃಖಾನೋ ಉಳಿಸ್ಕೊಂಡವು ಮಾತ್ರ ಮನಸ್ಸಲ್ಲಿ ಉಳಿಯುತ್ತೆ. ನೀವು ನೋಡಿದ್ರಲ್ಲಿ, ಓದಿದ್ರಲ್ಲಿ ಯಾವುದು ಕಪ್ಪಾನ ನಿಜವಾಗಿ ಅರ್ಥ ಮಾಡ್ಕೊಂಡಿದೆ ಹೇಳಿ.

ಅನಿಮೆಪ್ರಿಯೆ:
ಸಾರಾಝನ್ಮಾಯ್!! 2019ರ ಅನಿಮೆ ಸೀರೀಸ್, ಕುನಿಹಿಕೊ ಇಕುಹಾರಾ ನಿರ್ದೇಶನ, ಹನ್ನೊಂದೇ ಎಪಿಸೋಡ್. ಟೋಕಿಯೋದ ಅಸಾಕುಸಾದಲ್ಲಿ ನಡೆಯೋ ಕಥೆ. ಮೂವರು ಸ್ಕೂಲ್ ಹುಡುಗ್ರನ್ನ ಕೆಪ್ಪಿ ಅನ್ನೋ ಕಪ್ಪಾ ರಾಜಕುಮಾರ ಕಪ್ಪಾಗಳನ್ನಾಗಿ ಮಾಡ್ಬಿಡ್ತಾನೆ, ಅವ್ರು ರಾತ್ರಿ ಹೊತ್ತು ಕಪ್ಪಾ ಜೋಂಬಿಗಳಿಂದ ಶಿರಿಕೊದಾಮಾ ಕೀಳ್ಬೇಕು. ಹಾಗೆ ಕಿತ್ತಾಗೆಲ್ಲಾ ಇವ್ರ ಮೂವರಲ್ಲಿ ಒಬ್ಬೊಬ್ಬನ ಗುಟ್ಟು ಉಳಿದಿಬ್ರಿಗೆ ಗೊತ್ತಾಗಿಬಿಡುತ್ತೆ. ಮೇಲೆ ಹಾಡು ಕುಣಿತ ಬಣ್ಣ, ಒಳಗೆ ನೋಡಿದ್ರೆ ಯಾರಿಗೂ ಹೇಳ್ಕೊಳ್ಳೋಕಾಗದ ಆಸೆಗಳ ಕಥೆ. ನಾನು ಅತ್ತುಬಿಟ್ಟೆ ಕೊನೇಲಿ.

ನಿದ್ದೆಗೆಟ್ಟವ:
ಶಿರಿಕೊದಾಮಾ ಅಂದ್ರೇನು? ಸರ್ಚ್ ಮಾಡಿದ್ರೆ ಏನೇನೋ ಬರ್ತಿದೆ

ಹಳೇಬೇರು:
@ನಿದ್ದೆಗೆಟ್ಟವ ಮುಜುಗರ ಬೇಡ, ಜಪಾನಿನೋರು ನೇರವಾಗೇ ಹೇಳ್ತಾರೆ. ಮನುಷ್ಯನ ಗುದದ್ವಾರದ ಒಳಗೆ ಒಂದು ಗುಂಡು ಇರುತ್ತೆ, ಅದ್ರಲ್ಲಿ ಜೀವಶಕ್ತಿ ಇರುತ್ತೆ, ಕಪ್ಪಾ ಅದನ್ನ ಕಿತ್ಕೊಳ್ಳುತ್ತೆ, ಕಿತ್ಕೊಂಡ್ರೆ ಮನುಷ್ಯ ಸಾಯ್ತಾನೆ ಅನ್ನೋ ನಂಬಿಕೆ. ಕಿತ್ತದ್ದನ್ನ ತಾನೇ ತಿನ್ನುತ್ತೆ ಅಂತ ಕೆಲವು ಕಡೆ, ನಾಗರಾಜನಿಗೆ ಕಂದಾಯ ಕಟ್ಟುತ್ತೆ ಅಂತ ಇನ್ನು ಕೆಲವು ಕಡೆ. ಇದಕ್ಕೆ ಸಾಮಾನ್ಯವಾಗಿ ಕೊಡೋ ವಿವರಣೆ ಏನಂದ್ರೆ ಮುಳುಗಿ ಸತ್ತವರ ದೇಹದಲ್ಲಿ ಅಲ್ಲಿನ ಸ್ನಾಯು ಸಡಿಲ ಆಗಿರುತ್ತೆ, ಹೆಣ ಮೇಲಕ್ಕೆತ್ತಿದವರಿಗೆ ಅಲ್ಲಿಂದ ಏನನ್ನೋ ಕಿತ್ತಿದಾರೆ ಅಂತ ಕಂಡಿರುತ್ತೆ. ಅಂದ್ರೆ ಈ ನಂಬಿಕೆ ಹುಟ್ಟಿರೋದೇ ಹೆಣ ನೋಡಿದವರಿಂದ. ತಮ್ಮ ಮಗುವಿನ ಹೆಣ ಎತ್ತಿದವರೂ ಅದ್ರಲ್ಲಿ ಇದ್ದಿರ್ತಾರಲ್ವಾ. ಅದಕ್ಕೆ ನಂಗೆ ಶಿರಿಕೊದಾಮಾ ಕೇಳಿದ್ರೆ ನಗು ಬರಲ್ಲ.

ಪುಟಗಳನಡುವೆ:
ಹಳೇಬೇರು ಅವರೇ ಒಳ್ಳೆ ಮಾತು ಹೇಳಿದ್ರಿ. ನಾನು ಮುಂದುವರಿಸ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಇವಾತೆ ಪ್ರಾಂತ್ಯದ ತೋನೋ ಕಡೆ ಜನ ಹೇಳ್ತಿದ್ದ ಕಥೆಗಳನ್ನ ಸಾಸಾಕಿ ಕಿಜೆನ್ ಅನ್ನೋ ಅಲ್ಲಿನೋರು ಹೇಳಿ, ಯಾನಾಗಿತಾ ಕುನಿಯೋ ಅನ್ನೋ ಜಾನಪದ ವಿದ್ವಾಂಸರು ಬರ್ಕೊಂಡು 1910ರಲ್ಲಿ 'ತೋನೋ ಮೊನೊಗಾತಾರಿ' ಅಂತ ಪುಸ್ತಕ ಮಾಡಿದ್ರು, 119 ತುಣುಕು, ಮೊದಲು ಅಚ್ಚಾಗಿದ್ದು ಬರೀ 350 ಪ್ರತಿ. ಜಪಾನಿನ ಜಾನಪದ ಅಧ್ಯಯನ ಶುರುವಾಗಿದ್ದೇ ಅಲ್ಲಿಂದ ಅಂತ ಹೇಳ್ತಾರೆ. ಅದ್ರಲ್ಲಿ 55ರಿಂದ 59ರವರೆಗೆ ಕಪ್ಪಾ ಕಥೆಗಳು. 55ನೇದ್ರಲ್ಲಿ ನದಿ ಪಕ್ಕದ ಒಂದು ಮನೆಯ ಹೆಂಗಸರು ಎರಡು ತಲೆಮಾರು ಕಪ್ಪಾಗೆ ಬಸುರಾಗ್ತಾರೆ, ಹುಟ್ಟಿದ ಮಗುನ ಕತ್ತರಿಸಿ ಸಣ್ಣ ಮರದ ಪೀಪಾಯಿಗಳಲ್ಲಿ ತುಂಬಿ ಹೂತುಬಿಡ್ತಾರೆ. 56ರಲ್ಲಿ ಮೈಯೆಲ್ಲಾ ಕೆಂಪಗೆ, ಬಾಯಿ ದೊಡ್ಡದಾಗಿರೋ ಮಗು ಹುಟ್ಟುತ್ತೆ, ಒಬ್ಬ ಅದನ್ನ ದಾರಿ ಕವಲೊಡೆಯೋ ಕಡೆ ಬಿಟ್ಟು ಬರ್ತಾನೆ, ನಾಲ್ಕು ಹೆಜ್ಜೆ ಬಂದವ್ನು ಅಯ್ಯೋ ಪ್ರದರ್ಶನಕ್ಕೆ ಮಾರಿದ್ರೆ ದುಡ್ಡಾದ್ರೂ ಬರ್ತಿತ್ತಲ್ಲಾ ಅಂತ ವಾಪಸ್ ಹೋದ್ರೆ ಮಗು ಇಲ್ಲ. ಕಥೆ ಅಷ್ಟೇ. ಯಾಕೆ ಏನು ಅಂತ ವಿವರಣೆ ಇಲ್ಲ, ಅಷ್ಟು ಬರಿದಾಗಿ ಹೇಳಿ ನಿಲ್ಲಿಸಿಬಿಡ್ತಾರೆ, ಓದಿ ಮೈ ನಡುಗುತ್ತೆ.

ಈಗ ಹಿನ್ನೆಲೆ ನೋಡಿ. ಆ ಕಡೆ ಚಳಿ ಜಾಸ್ತಿ, ಭತ್ತ ಕೈಕೊಟ್ರೆ ಮುಗೀತು, 1750ರ ದಶಕದಲ್ಲಿ 1780ರ ದಶಕದಲ್ಲಿ ಭೀಕರ ಬರಗಾಲ ಬಂದಿತ್ತು. ಸಾಕೋಕಾಗದ ಹಸುಗೂಸನ್ನ ಕೊಲ್ಲೋ ಪದ್ಧತಿ ಇತ್ತು, ಅದನ್ನ ಮಾಬಿಕಿ ಅಂತಿದ್ರು. ಹಂಗೆ ನದಿಗೆ ಬಿಟ್ಟ ಕೂಸುಗಳೇ ಕಪ್ಪಾ ಅಂತ ಒಂದು ಓದು ಇದೆ, ತೋನೋದಲ್ಲೂ ಆ ಮಾತು ಕೇಳಿಬರುತ್ತೆ. ಬೇರೆ ಕಡೆ ಕಪ್ಪಾ ಮುಖ ಹಸಿರು, ತೋನೋದ್ದು ಮಾತ್ರ ಕೆಂಪು ಅಂತ 59ನೇ ಕಥೆ ಹೇಳುತ್ತೆ. ಆಗತಾನೇ ಹುಟ್ಟಿದ ಕೂಸಿನ ಬಣ್ಣ ಯಾವ್ದು ಯೋಚನೆ ಮಾಡಿ. ಇದು ಪೂರ್ತಿ ಸಾಬೀತಾದ ವಿಷಯ ಅಂತ ನಾನು ಹೇಳ್ತಿಲ್ಲ, ಕಪ್ಪಾ ನಂಬಿಕೆ ಜಪಾನ್ ಪೂರ್ತಿ ಇದೆ, ಎಲ್ಲಾ ಕಡೆಗೂ ಈ ಒಂದೇ ಕಾರಣ ಕೊಡೋಕಾಗಲ್ಲ. ಆದ್ರೆ ತೋನೋ ಕಥೆಗಳಿಗೆ ಇದು ಒಪ್ಪುತ್ತೆ ಅಂತ ನನ್ನ ನಂಬಿಕೆ.

ಅನಿಮೆಪ್ರಿಯೆ:
ಅಯ್ಯೋ ದೇವ್ರೇ. ಇದು ಗೊತ್ತಿರ್ಲಿಲ್ಲ. ಸಾರಾಝನ್ಮಾಯ್ ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತಿದೆ ಈಗ

ಸುಮಿದಾದಂಡೆ:
ನಾನು ಟೋಕಿಯೋದಲ್ಲಿ ಕೆಲ್ಸ ಮಾಡೋದು. ಅಸಾಕುಸಾ ಹೆಸರು ಬಂದಿದ್ದಕ್ಕೆ ಬರೀತಿದೀನಿ. ಅಸಾಕುಸಾ ಮತ್ತೆ ಉಏನೋ ಮಧ್ಯೆ ಕಪ್ಪಾಬಾಶಿ ಅಂತ ಬೀದಿ ಇದೆ, ಪೂರ್ತಿ ಪಾತ್ರೆ ಚಾಕು ಹೋಟೆಲ್ ಸಾಮಾನಿನ ಅಂಗಡಿಗಳು, ಗಾಜಿನ ಶೋಕೇಸಲ್ಲಿ ಇಡ್ತಾರಲ್ಲ ಪ್ಲಾಸ್ಟಿಕ್ ಊಟದ ಮಾದರಿ, ಅದೂ ಅಲ್ಲೇ ಸಿಗೋದು. ದೋಸೆ ಹುಯ್ಯೋಕೆ ದಪ್ಪ ಕಬ್ಬಿಣದ ಕಾವಲಿ ಬೇಕಂದ್ರೆ ನಮ್ಮವರೆಲ್ಲಾ ಅಲ್ಲಿಗೇ ಹೋಗೋದು. ಬೀದಿ ಮಧ್ಯೆ ಚಿನ್ನದ ಬಣ್ಣದ ಕಪ್ಪಾ ಪ್ರತಿಮೆ ಇದೆ, ಕಪ್ಪಾ ಕವಾತಾರೊ ಅಂತ ಹೆಸರು, 2003ರಲ್ಲಿ ನಿಲ್ಲಿಸಿದ್ದು.

ಅಲ್ಲೇ ಹತ್ತಿರ ಸೋಗೆಂಜಿ ಅಂತ ಬೌದ್ಧ ದೇವಸ್ಥಾನ, ಎಲ್ರೂ ಕಪ್ಪಾ ದೇವಸ್ಥಾನ ಅಂತಾನೇ ಕರೆಯೋದು. ಕಥೆ ಏನಂದ್ರೆ 1800ರ ಆರಂಭದಲ್ಲಿ ಆ ಏರಿಯಾ ತಗ್ಗು ಪ್ರದೇಶ, ಮಳೆ ಬಂದ್ರೆ ಸಾಕು ಮನೆಗಳಿಗೆ ನೀರು. ಮಳೆಯಂಗಿ ಮಾರೋ ಒಬ್ಬ ವ್ಯಾಪಾರಿ ತನ್ನ ಸ್ವಂತ ದುಡ್ಡು ಹಾಕಿ ಕಾಲುವೆ ತೋಡಿಸೋಕೆ ಶುರು ಮಾಡಿದ, ಕೆಲಸ ಸಾಗ್ಲಿಲ್ಲ, ಆಗ ಅವನು ಹಿಂದೆ ಕಾಪಾಡಿದ್ದ ಸುಮಿದಾ ನದಿ ಕಪ್ಪಾಗಳು ರಾತ್ರಿ ಹೊತ್ತು ಬಂದು ಕೆಲಸ ಮುಗಿಸಿಕೊಟ್ವು. ಆ ಕಪ್ಪಾನ ಕಂಡವರಿಗೆಲ್ಲಾ ವ್ಯಾಪಾರ ಚೆನ್ನಾಗಾಯ್ತಂತೆ. ಈಗ್ಲೂ ಜನ ಅಲ್ಲಿ ಸೌತೆಕಾಯಿ ಇಟ್ಟು ಕೈ ಮುಗೀತಾರೆ. ಒಳಗೆ ಕಪ್ಪಾ ಕೈ ಅಂತ ಒಣಗಿದ ಒಂದು ಕೈ ಬೇರೆ ಇದೆ. ನದಿಮೂಲ ಅವರೇ, ಈ ಕಥೇಲಿ ಕಪ್ಪಾ ಯಾರನ್ನೂ ಕೊಂದಿಲ್ಲ ನೋಡಿ, ಆದ್ರೂ ಇನ್ನೂರು ವರ್ಷದಿಂದ ನಿಂತಿದೆ.

ಮಡುವಿನಮೀನು:
ನಾನೂ ನದಿಮೂಲ ಅವರ ಮಾತು ಪೂರ್ತಿ ಒಪ್ಪಲ್ಲ. ಕಪ್ಪಾ ಹಳೇ ಕಾಲದಲ್ಲೂ ಬರೀ ಕೊಲೆಗಾರ ಆಗಿರ್ಲಿಲ್ಲ. ಕುದುರೆ ಎಳೆಯೋ ಕಥೆಗಳಲ್ಲೇ ನೋಡಿ, ಬಹುತೇಕ ಸಲ ಗೆಲ್ಲೋದು ಕುದುರೆ, ಅದು ಕಪ್ಪಾನೇ ಲಾಯದವರೆಗೆ ಎಳ್ಕೊಂಡು ಬರುತ್ತೆ, ಜನ ಹಿಡೀತಾರೆ, ಕಪ್ಪಾ ಕೈ ಮುಗಿದು ಇನ್ಮೇಲೆ ಈ ಊರಿನೋರ ತಂಟೆಗೆ ಬರಲ್ಲ ಅಂತ ಮಾತು ಕೊಟ್ಟು ಹೋಗುತ್ತೆ, ಕೊಟ್ಟ ಮಾತು ಯಾವತ್ತೂ ತಪ್ಪಲ್ಲ. ಕೆಲವು ಕಡೆ ಕೈ ಕತ್ತರಿಸಿರ್ತಾರೆ, ಆ ಕೈ ವಾಪಸ್ ಕೊಟ್ಟಿದ್ದಕ್ಕೆ ಮೂಳೆ ಕೂಡಿಸೋ ವಿದ್ಯೆ, ಗಾಯದ ಮುಲಾಮು ಮಾಡೋದು ಹೇಳಿಕೊಟ್ಟು ಹೋಗುತ್ತೆ. ನಮ್ಮ ಮನೆತನದ ಮುಲಾಮು ಕಪ್ಪಾ ಕೊಟ್ಟಿದ್ದು ಅಂತ ಹೇಳ್ಕೊಂಡು ಮಾರ್ತಿದ್ದ ಮನೆಗಳಿದ್ವು. ಯಾನಾಗಿತಾ ಪ್ರಕಾರ ಕಪ್ಪಾ ಮೂಲದಲ್ಲಿ ನೀರಿನ ದೇವರು, ಜನರ ನಂಬಿಕೆ ಕಮ್ಮಿ ಆಗಿ ಆಗಿ ದೇವರ ಸ್ಥಾನದಿಂದ ಕೆಳಗಿಳಿದಿರೋದು. ಗದ್ದೆಗೆ ನೀರು ಕೊಡೋದೂ ಅದೇ, ಮುಳುಗಿಸೋದೂ ಅದೇ.

ಮುದ್ದಾಗಿದ್ದು ಯಾವಾಗ ಅಂತ ಕೇಳಿದ್ರಲ್ಲ, ಅದಕ್ಕೆ ಹತ್ರತ್ರ ಉತ್ತರ ಇದೆ. 1950ರ ದಶಕ. ಶಿಮಿಜು ಕೋನ್ ಅನ್ನೋ ವ್ಯಂಗ್ಯಚಿತ್ರಕಾರ ವಾರಪತ್ರಿಕೇಲಿ ಕಪ್ಪಾಗಳ ಮಾಂಗಾ (ಚಿತ್ರಕಥೆ) ಬರೆದ್ರು, ಕ್ಯೋಟೋದ ಫುಶಿಮಿಯ ಕಿಝಾಕುರಾ ಅನ್ನೋ ಸಾಕೆ (ಅಕ್ಕಿ ಮದ್ಯ) ಕಂಪನಿ ಆ ಕಪ್ಪಾಗಳನ್ನೇ ಜಾಹೀರಾತಿಗೆ ತಗೊಂಡ್ತು, ಆಮೇಲೆ ಟಿವಿ ಬಂತು. ಅಷ್ಟೊತ್ತಿಗೆ ಜನ ಹಳ್ಳಿ ಬಿಟ್ಟು ಸಿಟಿಗೆ ಬರ್ತಿದ್ರು, ನದಿಗೆ ಕಾಂಕ್ರೀಟ್ ದಡ ಬಂತು. ಮನೆ ಹಿಂದೆ ನದಿ ಇಲ್ದೋರಿಗೆ ಕಪ್ಪಾ ಅಂದ್ರೆ ಬಿಟ್ಟು ಬಂದ ಊರಿನ ನೆನಪು, ಭಯ ಯಾಕಿರುತ್ತೆ? ಆ ಮುದ್ದಲ್ಲೂ ಒಂದು ಸಂಕಟ ಇದೆ ಅಂತ ನನ್ನ ವಾದ. ಇನ್ನೊಂದು, ಕೆರೆ ಕುಂಟೆ ಹತ್ರ ಮಕ್ಕಳಿಗೆ ಇಲ್ಲಿ ಈಜಬೇಡಿ ಅಂತ ಹಾಕಿರೋ ಬೋರ್ಡಲ್ಲಿ ಈಗ್ಲೂ ಕಪ್ಪಾ ಚಿತ್ರಾನೇ ಇರುತ್ತೆ. ಹಳೇ ಕೆಲಸ ಇನ್ನೂ ಬಿಟ್ಟಿಲ್ಲ ಅದು.

ನದಿಮೂಲ:
@ಮಡುವಿನಮೀನು ಬೋರ್ಡಿನ ವಿಷಯ ತುಂಬಾ ಹಿಡಿಸ್ತು. ಮಾತು ಕೊಟ್ರೆ ತಪ್ಪಲ್ಲ ಅನ್ನೋದು ನಂಗೂ ಅದರ ದೊಡ್ಡ ಗುಣಾನೇ. ಆದ್ರೆ ಮಾತು ಕೊಡ್ತು ಅನ್ನೋದಕ್ಕೆ ತೂಕ ಬರೋದೇ ಅದು ಅಪಾಯಕಾರಿ ಆಗಿದ್ದಕ್ಕೆ, ಹಲ್ಲಿಲ್ಲದ ಜೀವಿ ಕಚ್ಚಲ್ಲ ಅಂತ ಆಣೆ ಮಾಡಿದ್ರೆ ಏನು ಬಂತು? ಸುಮಿದಾದಂಡೆ ಹೇಳಿದ ಕಾಲುವೆ ಕಥೇಲೂ ಅಷ್ಟೇ, ಊರು ಮುಳುಗಿಸ್ತಿದ್ದ ನೀರನ್ನ ನೀರಿನ ಜೀವಿಗಳೇ ಬಂದು ಸರಿಮಾಡಿದ್ವು ಅಂತ ಇರೋದಕ್ಕೇ ಅದು ನಿಂತಿದೆ.

ಕಂಟ್ರೋಲರ್‌ಕೈ:
ಗೇಮ್ ಕಡೆಯಿಂದ ನಾನು ಬರ್ತೀನಿ. ಅನಿಮಲ್ ಕ್ರಾಸಿಂಗಲ್ಲಿ ದೋಣಿ ನಡೆಸ್ಕೊಂಡು ಹಾಡು ಹೇಳ್ತಾನಲ್ಲ ಕ್ಯಾಪನ್, 2001ರಿಂದ ಇದಾನೆ, ಹೊರಗಿನ ದೇಶದೋರೆಲ್ಲಾ ಆಮೆ ಅನ್ಕೊಂಡಿರ್ತಾರೆ, ಅವನು ಕಪ್ಪಾ. ನೆತ್ತಿ ನೋಡಿ, ತಟ್ಟೆ ಇದೆ. ಪೋಕೆಮಾನ್ ರೂಬಿ ಸಫೈರಲ್ಲಿ ಬಂದ ಲೋಂಬ್ರೆನೂ ಕಪ್ಪಾ ಮೇಲೆ ಮಾಡಿದ್ದು. ಇವೆಲ್ಲಾ ಮುದ್ದಿನ ಸಾಲು.

ಬೇರೆ ಥರ ಇರೋದು 2022ರ ಗೋಸ್ಟ್‌ವೈರ್ ಟೋಕಿಯೋ. ಶಿಬುಯಾದಲ್ಲಿ ಜನ ಎಲ್ಲಾ ಮಾಯ ಆಗಿ ಬರೀ ಬಟ್ಟೆ ರಸ್ತೇಲಿ ಬಿದ್ದಿರುತ್ತೆ, ಮಳೆ ಸುರೀತಿರುತ್ತೆ. ಅದ್ರಲ್ಲಿ ನೀರಿನ ಹತ್ರ ಸೌತೆಕಾಯಿ ಇಟ್ಟು, ಸದ್ದಿಲ್ದೆ ಕಾದು ಕೂತು, ಕಪ್ಪಾ ಬಂದು ತಿನ್ನೋವಾಗ ಹಿಂದಿಂದ ಹೋಗಿ ಹಿಡೀಬೇಕು, ಸ್ವಲ್ಪ ಅವಸರ ಮಾಡಿದ್ರೂ ಓಡಿಹೋಗುತ್ತೆ. ಅದು ನಮ್ಮ ಮೇಲೆ ಬೀಳಲ್ಲ, ಹೆದರಿಸಲ್ಲ, ಆದ್ರೂ ಖಾಲಿ ಸಿಟೀಲಿ ಅದರ ಸದ್ದು ಕೇಳ್ತಾ ಕೂತಿರೋವಾಗ ಎದೆ ಡಬಡಬ ಅನ್ನುತ್ತೆ. ಕಪ್ಪಾ ಹತ್ರ ಹೆಂಗೆ ನಡ್ಕೋಬೇಕು ಅಂತ ಹಳೇ ಕಥೆಗಳಲ್ಲಿದ್ದ ನಿಯಮಾನ ಆಟದ ನಿಯಮ ಮಾಡಿದಾರೆ, ನಂಗೆ ಅದು ಇಷ್ಟ ಆಯ್ತು.

ನಿದ್ದೆಗೆಟ್ಟವ:
ಹ್ಯಾರಿ ಪಾಟರಲ್ಲೂ ಬರುತ್ತಲ್ವಾ? ಮೂರನೇ ಬುಕ್ಕಲ್ಲಿ ಲೂಪಿನ್ ಪಾಠ ಮಾಡ್ತಾರೆ

ಪುಟಗಳನಡುವೆ:
ಹೌದು, ಚಿಪ್ಪುಮೈಯ ಕೋತಿ ಥರ ಇರೋ, ಕೊಳಕ್ಕಿಳಿದವರ ಕತ್ತು ಹಿಸುಕೋ ಜೀವಿ ಅಂತ ಒಂದೇ ವಾಕ್ಯ. ಆಮೇಲೆ ಲೂಪಿನ್ ಬದಲು ಕ್ಲಾಸ್ ತಗೊಳ್ಳೋ ಸ್ನೇಪ್ ಮೇಷ್ಟ್ರು ಬಂದು, ಹುಡುಗ್ರು ಬರೆದಿದ್ದನ್ನ ನೋಡ್ತಾ, ಇದು ತಪ್ಪು, ಕಪ್ಪಾ ಮಂಗೋಲಿಯಾದಲ್ಲಿ ಜಾಸ್ತಿ ಸಿಗೋದು ಅಂತ ಹೇಳ್ತಾನೆ. ಹೆಸರಿಗೆ ಇದೆ, ಅಷ್ಟೇ. ನಿಂಜಾ ಟರ್ಟಲ್ಸ್ ಮೂರನೇ ಸಿನಿಮಾ (1993) ಇದಕ್ಕಿಂತ ವಾಸಿ, ನಾಲ್ಕು ಆಮೆಗಳು 1603ರ ಜಪಾನಿಗೆ ಹೋಗ್ತಾವೆ, ಅಲ್ಲಿನೋರು ಅವನ್ನ ನೋಡಿ ಕಪ್ಪಾ ಅಂತ ಹೆದರ್ತಾರೆ. ಆ ಕಾಲದೋರು ಹಂಗೇ ಅನ್ಕೊಳ್ಳೋದು ಸಹಜ.

ಹಳೇಬೇರು:
ಯಾರೂ ಜಪಾನಿನ ಕಥೆಗಾರ ಅಕುತಾಗಾವಾ ಹೆಸರು ಎತ್ತಲಿಲ್ಲ! 1927ರ ಅವರ ಕಿರುಕಾದಂಬರಿ 'ಕಪ್ಪಾ'. ಹುಚ್ಚಾಸ್ಪತ್ರೆಯ 23ನೇ ನಂಬರ್ ರೋಗಿ ಹೇಳೋ ಕಥೆ. ಕಾಮಿಕೋಚಿ ಕಣಿವೇಲಿ ಒಂದು ಕಪ್ಪಾನ ಅಟ್ಟಿಸ್ಕೊಂಡು ಹೋಗಿ ಗುಂಡೀಲಿ ಬಿದ್ದು ಕಪ್ಪಾಗಳ ದೇಶ ಸೇರ್ತಾನೆ. ಅಲ್ಲಿ ಹೆರಿಗೆ ಟೈಮಲ್ಲಿ ಅಪ್ಪ ಹೊಟ್ಟೆ ಒಳಗಿನ ಮಗುನ ಕೇಳ್ತಾನೆ, ನಿಂಗೆ ಈ ಲೋಕಕ್ಕೆ ಬರೋಕೆ ಇಷ್ಟಾನಾ ಅಂತ. ಮಗು ಒಳಗಿಂದಾನೇ ಬೇಡ ಅನ್ನುತ್ತೆ, ಅಪ್ಪನ ಹುಚ್ಚು ತನಗೂ ಬರುತ್ತೆ ಅನ್ನೋ ಭಯಕ್ಕೆ. ಅಕುತಾಗಾವಾರ ತಾಯಿಗೆ ಮಾನಸಿಕ ಕಾಯಿಲೆ ಇತ್ತು, ತನಗೂ ಬರುತ್ತೆ ಅಂತ ಜೀವನಪೂರ್ತಿ ಹೆದರಿದ್ದವರು ಅವ್ರು. ಫ್ಯಾಕ್ಟರೀಲಿ ಕೆಲಸ ಹೋದ ಕಪ್ಪಾಗಳನ್ನ ಕಡಿದು ಮಾಂಸ ಮಾಡಿ ತಿನ್ನೋ ಕಾನೂನು ಬೇರೆ ಆ ದೇಶದಲ್ಲಿ. ಪುಸ್ತಕ ಬಂದ ಅದೇ ವರ್ಷ ಜುಲೈ 24ಕ್ಕೆ, ಮೂವತ್ತೈದನೇ ವಯಸ್ಸಿಗೆ, ಅವ್ರು ಆತ್ಮಹತ್ಯೆ ಮಾಡ್ಕೊಂಡ್ರು. ಆ ದಿನಾನ ಜಪಾನಲ್ಲಿ ಈಗ್ಲೂ ಕಪ್ಪಾ ಹೆಸರಲ್ಲೇ ನೆನೆಯೋದು. ಹುಟ್ಟೋಕೆ ಬೇಡ ಅನ್ನೋ ಆ ಮಗುನ, ಮೇಲೆ ಹೇಳಿದ ತೋನೋ ಕೂಸುಗಳನ್ನ ಒಟ್ಟಿಗೆ ಇಟ್ಟು ನೋಡಿ.

ಇಬ್ಬರಮಕ್ಕಳತಾಯಿ:
ಎಲ್ರೂ ಒಳ್ಳೊಳ್ಳೆ ವಿಷಯ ಹೇಳ್ತಿದೀರ. ನನ್ನ ಓಟು 2007ರ ಅನಿಮೆ ಸಿನಿಮಾ 'ಕಪ್ಪಾ ನೋ ಕೂ', ಇಂಗ್ಲಿಷಲ್ಲಿ ಸಮ್ಮರ್ ಡೇಸ್ ವಿತ್ ಕೂ ಅಂತ ಇದೆ, ಕೇಇಚಿ ಹಾರಾ ನಿರ್ದೇಶನ. ಸ್ಪಾಯ್ಲರ್ ಬೇಡ ಅನ್ನೋರು ಮುಂದಕ್ಕೆ ಹೋಗಿ.

ಶುರುವಾಗೋದೇ ಒಂದು ಕೊಲೆಯಿಂದ. ಎದೋ ಕಾಲ (ಸಮುರಾಯ್‌ಗಳ ಆಳ್ವಿಕೆಯ ಹಳೇ ಜಪಾನ್), ಜವುಗು ನೆಲದ ನೀರು ಬಸಿದು ಗದ್ದೆ ಮಾಡೋಕೆ ಹೊರಟಿರ್ತಾರೆ. ಕಪ್ಪಾ ಅಪ್ಪ ತನ್ನ ಚಿಕ್ಕ ಮಗನನ್ನ ಕರ್ಕೊಂಡು ದಾರೀಲಿ ಬರೋ ಸಮುರಾಯ್ ಮುಂದೆ ಮಂಡಿಯೂರಿ ಬೇಡ್ಕೊಳ್ತಾನೆ, ನಾವು ಇರೋದೇ ಅಲ್ಲಿ ಸ್ವಾಮಿ ದಯವಿಟ್ಟು ನಿಲ್ಲಿಸಿ ಅಂತ. ಅವನು ಕತ್ತಿ ಎಳೆದು ಕಡಿದುಬಿಡ್ತಾನೆ. ಮಗು ನೋಡ್ತಾ ಇರುತ್ತೆ. ಅಷ್ಟರಲ್ಲಿ ಭೂಕಂಪ, ಮಗು ಬಿರುಕಲ್ಲಿ ಸೇರಿಹೋಗುತ್ತೆ, ಇನ್ನೂರು ಚಿಲ್ಲರೆ ವರ್ಷ ಆದ್ಮೇಲೆ ಟೋಕಿಯೋ ಹೊರವಲಯದ ಒಬ್ಬ ಹುಡುಗನಿಗೆ ಕಲ್ಲಿನ ರೂಪದಲ್ಲಿ ಸಿಗುತ್ತೆ, ತೊಳೆದಾಗ ಜೀವ ಬರುತ್ತೆ. ಕೂ ತುಂಬಾ ಮುದ್ದು, ಆ ಮನೆಯವರ ಜತೆ ಸೂಮೋ ಆಡೋದು, ಊಟ ಮಾಡೋದು ಎಲ್ಲಾ ಚಂದ. ಆದ್ರೆ ಭಯ ಪಡಬೇಕಾಗಿರೋದು ನಾವಲ್ಲ, ಅದು. ಕ್ಯಾಮೆರಾ ಹಿಡ್ಕೊಂಡು ಮನೆ ಮುಂದೆ ಬಂದು ನಿಲ್ಲೋ ಜನ, ಟಿವಿ ಶೋಗೆ ಕರೆಸಿ ಅದರ ಎದುರಿಗೇ ಅದರ ಅಪ್ಪನ ಒಣಗಿದ ಕೈ ತಂದಿಡೋದು. ಆ ಸೀನ್ ನೋಡಿದ್ಮೇಲೆ ದೇವಸ್ಥಾನಗಳಲ್ಲಿ ಇಟ್ಟಿರೋ ಕಪ್ಪಾ ಕೈಗಳನ್ನ ಮೊದಲಿನ ಥರ ನೋಡೋಕಾಗಲ್ಲ. ಹುಡುಗ ಕೂನ ಕರ್ಕೊಂಡು ಬೇರೆ ಕಪ್ಪಾಗಳನ್ನ ಹುಡುಕ್ತಾ ತೋನೋಗೂ ಹೋಗ್ತಾನೆ, ಸಿಗಲ್ಲ.

ನದಿಮೂಲ, ನೀವು ಭಯ ಉಳಿಸ್ಕೊಂಡಿರ್ಬೇಕು ಅಂದ್ರಿ. ಈ ಸಿನಿಮಾದಲ್ಲಿ ಭಯ ಇದೆ, ದಿಕ್ಕು ಮಾತ್ರ ತಿರುಗಿದೆ.

ನದಿಮೂಲ:
ಮೇಡಂ, ಇದು ನಾನು ನೋಡಿಲ್ಲ. ಈ ವಾರಾನೇ ನೋಡ್ತೀನಿ. ಜವುಗು ಬಸಿಯೋದ್ರಿಂದ ಶುರು ಮಾಡಿದಾರೆ ಅನ್ನೋದೇ ಎಷ್ಟು ಸರಿಯಾದ ಆಯ್ಕೆ.

ಕಾಡುಹಾದಿ:
ಈ ಜವುಗಿನ ಮಾತಿಗೆ ಸೇರಿಸ್ತೀನಿ. ಕಪ್ಪಾ ಅಂತ ಜನ ಕಂಡಿದ್ದು ಏನಿರಬಹುದು ಅಂದ್ರೆ ಮೊದಲು ಬರೋ ಹೆಸರು ನೀರುನಾಯಿ, ಆಮೇಲೆ ಅಲ್ಲಿನ ದೈತ್ಯ ಸಲಮ್ಯಾಂಡರ್. 1444ರ ಒಂದು ಜಪಾನಿ ನಿಘಂಟಲ್ಲೇ ನೀರುನಾಯಿ ಮುದಿಯಾದ್ರೆ ಕಪ್ಪಾ ಆಗುತ್ತೆ ಅಂತ ಬರೆದಿದೆ. ಎರಡು ಕಾಲ ಮೇಲೆ ನೆಟ್ಟಗೆ ನಿಂತು ನೋಡುತ್ತೆ, ಒದ್ದೆ ತಲೆ ಹೊಳೆಯುತ್ತೆ, ಮುಸ್ಸಂಜೆ ದೂರದಿಂದ ನೋಡಿದ್ರೆ ಮಗು ಥರಾನೇ ಕಾಣುತ್ತೆ. ಜಪಾನಿನ ನೀರುನಾಯಿನ ಚರ್ಮಕ್ಕೆ ಬೇಟೆಯಾಡಿ, ನದಿಗಳನ್ನ ಕೆಡಿಸಿ ಮುಗಿಸಿಬಿಟ್ರು. ಕೊನೇ ಸಲ ಖಚಿತವಾಗಿ ಕಂಡಿದ್ದು 1979ರಲ್ಲಿ ಶಿಕೊಕುವಿನ ಕೋಚಿ ಪ್ರಾಂತ್ಯದಲ್ಲಿ, 2012ರಲ್ಲಿ ಸರ್ಕಾರ ಅಳಿದುಹೋಗಿದೆ ಅಂತ ಘೋಷಿಸ್ತು. ನಮ್ಮಲ್ಲಿ ತುಂಗಭದ್ರೇಲಿ 2015ರಲ್ಲಿ ನೀರುನಾಯಿಗೆ ಅಂತಾನೇ ಸಂರಕ್ಷಣಾ ಪ್ರದೇಶ ಘೋಷಣೆ ಆಗಿದೆ, ಹಂಪಿ ಕಡೆ ಹೋದೋರು ಬೆಳಗಿನ ಜಾವ ಬಂಡೆಗಳ ಮೇಲೆ ಕಣ್ಣಿಟ್ರೆ ಕಾಣಬಹುದು. ಅಲ್ಲಿ ಜೀವಿ ಹೋಯ್ತು, ಅದರ ಮೇಲೆ ಕಟ್ಟಿದ ಕಥೆ ಮಾತ್ರ ಕೀಚೈನಲ್ಲಿ ಉಳೀತು ಅನ್ನೋದು ನಂಗೆ ತಡ್ಕೊಳ್ಳೋಕಾಗಲ್ಲ.

ಅನಿಮೆಪ್ರಿಯೆ:
ಇನ್ನೊಂದು ಯಾರೂ ಹೇಳಿಲ್ಲ, ಚೀನಾದ ಪಶ್ಚಿಮ ಯಾತ್ರೆ ಕಥೇಲಿ ಕೋತಿರಾಜನ ಜತೆ ಹೋಗೋ ಶಾ ವುಜಿಂಗ್ ಇದಾನಲ್ಲ, ಮರಳು ನದಿಯ ರಾಕ್ಷಸ, ಜಪಾನಿನೋರು ಅವನನ್ನ ಕಪ್ಪಾ ಮಾಡ್ಬಿಟ್ಟಿದಾರೆ. 1978ರ ಅವರ ಟಿವಿ ಸೀರಿಯಲ್ಲಲ್ಲೂ ತಲೆ ಮೇಲೆ ತಟ್ಟೆ. ಚೀನಾದ ಮೂಲದಲ್ಲಿ ಕಪ್ಪಾನೇ ಇಲ್ಲ.

ನಿದ್ದೆಗೆಟ್ಟವ:
ತೋನೋಗೆ ಹೋಗ್ಬೇಕು ಅಂದ್ರೆ ಹೆಂಗೆ? ನಿಜವಾಗ್ಲೂ ಕೇಳ್ತಿದೀನಿ

ಸುಮಿದಾದಂಡೆ:
ಟೋಕಿಯೋದಿಂದ ತೊಹೊಕು ಶಿಂಕಾನ್ಸೆನ್ (ಬುಲೆಟ್ ಟ್ರೈನ್) ಹತ್ತಿ ಶಿನ್ ಹನಾಮಾಕಿಲಿ ಇಳಿದು ಕಾಮೈಶಿ ಲೈನಿಗೆ ಬದಲಾಯಿಸ್ಕೊಳ್ಳಿ. ಜೋಕೆಂಜಿ ದೇವಸ್ಥಾನದ ಹಿಂದೆ ಕಪ್ಪಾಬುಚಿ ಅಂತ ಸಣ್ಣ ಹೊಳೆ ಇದೆ. ದೇವಸ್ಥಾನದ ಕಾವಲು ನಾಯಿ ಪ್ರತಿಮೆಗಳ ನೆತ್ತೀಲೂ ತಟ್ಟೆ ಇದೆ, ಹಿಂದೆ ಬೆಂಕಿ ಬಿದ್ದಾಗ ಕಪ್ಪಾ ಬಂದು ಆರಿಸ್ತು ಅಂತ ಕಥೆ. ದಡದಲ್ಲಿ ಪುಟ್ಟ ಗುಡಿ ಇದೆ, ಅಲ್ಲಿ ಹೆಂಗಸರು ಎದೆಹಾಲು ಚೆನ್ನಾಗಿ ಬರ್ಲಿ ಅಂತ ಹರಕೆ ಕಟ್ಕೊಂಡು ಕೆಂಪು ಬಟ್ಟೇಲಿ ಮೊಲೆ ಆಕಾರ ಹೊಲಿದು ಇಟ್ಟಿರ್ತಾರೆ. ಪುಟಗಳನಡುವೆ ಅವರು ಬರೆದಿದ್ದು ಓದಿದ್ಮೇಲೆ ಅದನ್ನ ನೋಡಿದ್ರೆ ನಿಮಗೇ ಗೊತ್ತಾಗುತ್ತೆ.

ಪ್ರವಾಸ ಸಂಘದೋರು ಕಪ್ಪಾ ಹಿಡಿಯೋಕೆ ಪರವಾನಗಿ ಕೊಡ್ತಾರೆ, ದುಡ್ಡು ಕೊಟ್ಟು ತಗೋಬಹುದು, ಹಿಂದೆ ನಿಯಮ ಬರೆದಿರುತ್ತೆ: ಜೀವಂತವಾಗಿ ಹಿಡೀಬೇಕು, ಗಾಯ ಮಾಡ್ಬಾರ್ದು, ನೆತ್ತಿ ನೀರು ಚೆಲ್ಲಬಾರ್ದು, ಗಾಳಕ್ಕೆ ತಾಜಾ ತರಕಾರಿನೇ ಹಾಕ್ಬೇಕು. ದಡದಲ್ಲಿ ಸೌತೆಕಾಯಿ ಕಟ್ಟಿದ ಗಾಳದ ಕೋಲು ಇಟ್ಟಿರ್ತಾರೆ. ಲೋಕಲ್ ಟ್ರೈನು ಕಮ್ಮಿ, ಟೈಮ್ ನೋಡ್ಕೊಂಡು ಹೋಗಿ. ಚಳಿಗಾಲದಲ್ಲಿ ಹಿಮ ಜಾಸ್ತಿ, ಮೇ ಆದ್ಮೇಲೆ ಒಳ್ಳೇದು.

ಇಬ್ಬರಮಕ್ಕಳತಾಯಿ:
ಮಕ್ಕಳಿಗೆ ಕೂ ಸಿನಿಮಾ ತೋರಿಸ್ಬಹುದಾ ಅಂತ ಇಬ್ರು ಮೆಸೇಜ್ ಮಾಡಿದ್ರಿ, ಇಲ್ಲೇ ಹೇಳ್ತೀನಿ. ಎರಡು ಗಂಟೆಗಿಂತ ಜಾಸ್ತಿ ಇದೆ, ಶುರುವಿನ ಕೊಲೆ ನೇರವಾಗೇ ತೋರಿಸ್ತಾರೆ, ಮನೆಯ ನಾಯಿ ಸಾಯೋದೂ ಇದೆ. ಹತ್ತು ವರ್ಷ ದಾಟಿದ ಮೇಲೆ ತೋರಿಸಿ, ಪಕ್ಕದಲ್ಲಿ ನೀವೂ ಕೂತ್ಕೊಳ್ಳಿ. ನನ್ನ ದೊಡ್ಡವಳು ಮುಗಿದ ಮೇಲೆ ಆ ಸಮುರಾಯ್‌ಗೆ ಯಾರೂ ಯಾಕೆ ಶಿಕ್ಷೆ ಕೊಡ್ಲಿಲ್ಲ ಅಂತ ಕೇಳ್ತಾನೇ ಇದ್ಲು, ಅದಕ್ಕೆ ಉತ್ತರ ರೆಡಿ ಇಟ್ಕೊಳ್ಳಿ.